ಹೆಡ್‌ಸೆಟ್‌ನಲ್ಲಿ ಬಡಿದ ಕೀರಲು ಸದ್ದು: ಪರೀಕ್ಷೆ ಸರಿ ಬಂದರೂ ಕಿವಿನೋವು ಏಕೆ?

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಗ್ರಾಹಕ ಸೇವಾ ಕೇಂದ್ರವೊಂದರಲ್ಲಿ ಹೆಡ್‌ಸೆಟ್ ಧರಿಸಿ ಕರೆಗಳಿಗೆ ಉತ್ತರಿಸುವ ಕೆಲಸ ಮಾಡುತ್ತಿದ್ದೇನೆ. ಐದು ವಾರಗಳ ಹಿಂದೆ ಮಾತಿನ ನಡುವೆ ಇದ್ದಕ್ಕಿದ್ದಂತೆ ಬಲಗಿವಿಗೆ ಕರ್ಕಶವಾದ ಕೀರಲು ಸದ್ದು ಬಡಿಯಿತು. ಹೆಡ್‌ಸೆಟ್ ಕಿತ್ತು ಹಾಕಲು ಒಂದೆರಡು ಸೆಕೆಂಡು ಹಿಡಿದಿರಬಹುದು. ಅಂದಿನಿಂದ ಆ ಕಿವಿ ಮುಚ್ಚಿಕೊಂಡಂತಿದೆ. ಒಳಗೆ ಚುಚ್ಚುವ ನೋವು, ಸದಾ ಗುಂಯ್ ಎನ್ನುವ ಮೊರೆತ, ಕೆನ್ನೆ ಮತ್ತು ದವಡೆಯ ಬಳಿ ಉರಿ. ಪಾತ್ರೆಗಳು ತಾಗಿದ ಸದ್ದನ್ನೂ ಫೋನಿನ ರಿಂಗನ್ನೂ ಸಹಿಸಲಾಗುತ್ತಿಲ್ಲ, ನಿದ್ದೆ ಕೆಟ್ಟಿದೆ. ಕಿವಿ ಪರೀಕ್ಷೆ ಮಾಡಿಸಿದೆ. ಶ್ರವಣಶಕ್ತಿ ಸರಿಯಾಗಿದೆ ಎಂಬ ವರದಿ ಬಂತು. ಸದ್ದು ಮಿತಿಯೊಳಗೇ ಇತ್ತು, ಇದೆಲ್ಲ ಮನಸ್ಸಿನ ಭಯ ಎಂದು ಕಚೇರಿಯವರು ಹೇಳುತ್ತಾರೆ. ನನಗೆ ನಿಜವಾಗಿ ಏನಾಗಿದೆ? ಕಿವುಡಾಗುತ್ತೇನೆಯೇ? ಕಿವಿಗೆ ಹತ್ತಿ ಇಟ್ಟುಕೊಂಡೇ ಓಡಾಡುತ್ತಿದ್ದೇನೆ, ಅದು ಸರಿಯೇ? ಮತ್ತೆ ಹೆಡ್‌ಸೆಟ್ ಹಾಕಬಹುದೇ?

ಉತ್ತರ: ನಿಮ್ಮ ನೋವು ಕಲ್ಪನೆಯದಲ್ಲ. ಕಿವಿಯನ್ನು ನೋಡದೆ ಪತ್ರದ ಮೇಲಷ್ಟೇ ಖಚಿತವಾಗಿ ರೋಗನಿರ್ಣಯ ಮಾಡಲಾಗದು, ನಿಜ. ಆದರೆ ನೀವು ಬರೆದಿರುವ ಲಕ್ಷಣಗಳು, ಅವು ಶುರುವಾದ ರೀತಿ ಮತ್ತು ಸಹಜವಾಗಿ ಬಂದ ಶ್ರವಣ ವರದಿ, ಈ ಮೂರೂ ಒಟ್ಟಿಗೆ ಸೇರಿದಾಗ ವೈದ್ಯಕೀಯದಲ್ಲಿ ಅಕೌಸ್ಟಿಕ್ ಶಾಕ್ ಎಂದು ಕರೆಯುವ ಸ್ಥಿತಿಗೆ ಬಹಳ ಹತ್ತಿರವಾಗಿವೆ. 1990ರ ದಶಕದಲ್ಲಿ ಕಾಲ್ ಸೆಂಟರ್‌ಗಳು ಬೆಳೆದಂತೆ ಹಲವು ದೇಶಗಳ ವೈದ್ಯರ ಬಳಿಗೆ ಇದೇ ದೂರು ಹೊತ್ತ ಉದ್ಯೋಗಿಗಳು ಬರತೊಡಗಿದರು. ಕಿವಿನೋವು, ಕಿವಿ ತುಂಬಿಕೊಂಡ ಭಾವ, ಮೊರೆತ, ಸಾಮಾನ್ಯ ಸದ್ದನ್ನೂ ತಾಳಲಾಗದ ಸ್ಥಿತಿ, ಕೆನ್ನೆ ಹಾಗೂ ಕತ್ತಿನ ಭಾಗದಲ್ಲಿ ಉರಿ ಅಥವಾ ಜೋಮು, ಕೆಲವರಲ್ಲಿ ತಲೆ ತೇಲಿದಂತಾಗುವುದು: ಒಬ್ಬರನ್ನೊಬ್ಬರು ಕಾಣದ ಜನ ಬೇರೆ ಬೇರೆ ಕಡೆಗಳಲ್ಲಿ ಹೆಚ್ಚೂಕಡಿಮೆ ಒಂದೇ ಬಗೆಯಲ್ಲಿ ವಿವರಿಸಿದ ಲಕ್ಷಣಗಳಿವು. ಮನಸ್ಸಿನ ಭಯವಷ್ಟೇ ಆಗಿದ್ದರೆ ವಿವರಗಳು ಇಷ್ಟರಮಟ್ಟಿಗೆ ಹೊಂದಿಕೆಯಾಗುತ್ತಿರಲಿಲ್ಲ.

ಏನಾಗಿದೆ ಎಂದು ತಿಳಿಯಬೇಕಾದರೆ, ದೊಡ್ಡ ಸದ್ದಿನಿಂದ ಕಿವಿಗೆ ಆಗುವ ಎರಡು ಬಗೆಯ ಪೆಟ್ಟುಗಳನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಸ್ಫೋಟ, ಗುಂಡಿನ ಸದ್ದು, ಒತ್ತಡದ ಗಾಳಿ ಒಮ್ಮೆಲೇ ಹೊರನುಗ್ಗುವುದು, ಉಕ್ಕಿನ ಮೇಲೆ ಭಾರೀ ಸುತ್ತಿಗೆಯ ಹೊಡೆತ ಮೊದಲಾದವುಗಳಲ್ಲಿ ಶಬ್ದದ ಉತ್ತುಂಗ ಮಟ್ಟ 140 ಡೆಸಿಬಲ್ ದಾಟಬಲ್ಲದು. ಆ ಒತ್ತಡಕ್ಕೆ ಕಿವಿತಮಟೆ ಹರಿಯಬಹುದು, ಒಳಗಿವಿಯ ಶಂಖಾಕಾರದ ಕಾಕ್ಲಿಯಾದಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಕ್ಷಣಾರ್ಧದಲ್ಲಿ ಮುರಿಯಬಹುದು. ಹುಟ್ಟುವಾಗ ಪ್ರತಿ ಕಿವಿಯಲ್ಲಿ ಸುಮಾರು 15,000ದಷ್ಟು ಮಾತ್ರ ಇರುವ ಈ ಕೋಶಗಳು ಮನುಷ್ಯರಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೀಗಾದಾಗ ಶ್ರವಣ ಪರೀಕ್ಷೆಯ ಆಡಿಯೋಗ್ರಾಂನಲ್ಲಿ, ಹೆಚ್ಚಾಗಿ 3,000ದಿಂದ 6,000 ಹರ್ಟ್ಸ್ ನಡುವಿನ ಚೂಪು ಸ್ವರಗಳಲ್ಲಿ, ಗೆರೆ ಕೆಳಗೆ ಕುಸಿದಿರುವುದು ಕಣ್ಣಿಗೇ ಕಾಣುತ್ತದೆ. ಹೆಡ್‌ಸೆಟ್‌ನಲ್ಲಿ ಬರುವ ಕೀರಲು ಸದ್ದು ಸಾಮಾನ್ಯವಾಗಿ ಆ ಮಟ್ಟಕ್ಕೆ ಏರುವುದಿಲ್ಲ. ಅದು ಕಿವಿಯ ಸೂಕ್ಷ್ಮ ಭಾಗಗಳನ್ನು ಮುರಿಯುವುದಕ್ಕಿಂತ ಹೆಚ್ಚಾಗಿ ಕಿವಿಯನ್ನು ಕಾಯುವ ಸ್ನಾಯು ಮತ್ತು ನರಗಳ ವ್ಯವಸ್ಥೆಯನ್ನೇ ಬೆಚ್ಚಿಬೀಳಿಸಿ, ಅದು ಮತ್ತೆ ಸಡಿಲಗೊಳ್ಳದಂತೆ ಮಾಡುತ್ತದೆ.

ನಡುಗಿವಿಯಲ್ಲಿ ಎರಡು ಪುಟ್ಟ ಸ್ನಾಯುಗಳಿವೆ. ಸ್ಟೇಪೀಡಿಯಸ್ ಎಂಬುದು ಜೋರು ಸದ್ದಿಗೆ ಪ್ರತಿಕ್ರಿಯೆಯಾಗಿ ಬಿಗಿದುಕೊಂಡು ಒಳಗಿವಿಗೆ ಹೋಗುವ ಶಬ್ದವನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಅದು ಬಿಗಿಯಲು ಹತ್ತಾರು ಮಿಲಿಸೆಕೆಂಡುಗಳಾದರೂ ಬೇಕಾದ ಕಾರಣ ದಿಢೀರ್ ಸದ್ದಿನ ಮೊದಲ ಹೊಡೆತವನ್ನು ತಡೆಯಲಾರದು. ಇನ್ನೊಂದು ಟೆನ್ಸರ್ ಟಿಂಪನಿ. ಇದು ಕಿವಿತಮಟೆಗೆ ಅಂಟಿಕೊಂಡ ಮೂಳೆಯನ್ನು ಒಳಕ್ಕೆ ಎಳೆಯುತ್ತದೆ. ಅಗಿಯುವಾಗ, ನುಂಗುವಾಗ ಇದು ಚಲಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾವು ಬೆಚ್ಚಿದಾಗ ಮತ್ತು ಅಹಿತವಾದ ಸದ್ದು ಬರಲಿದೆ ಎಂದು ನಿರೀಕ್ಷಿಸಿದಾಗಲೂ ಬಿಗಿಯುತ್ತದೆ. ಅಕೌಸ್ಟಿಕ್ ಶಾಕ್‌ಗೆ ಈಗ ಹೆಚ್ಚಿನ ತಜ್ಞರು ಮುಂದಿಡುವ ವಿವರಣೆ ಇದರ ಸುತ್ತ ನಿಂತಿದೆ: ಭಾರೀ ಬೆಚ್ಚಿದ ನಂತರ ಈ ಸ್ನಾಯುವಿನ ಪ್ರತಿಕ್ರಿಯೆಯ ಮಟ್ಟ ಕೆಳಗಿಳಿದು, ಮೊದಲು ಭಾರೀ ಸದ್ದಿಗೆ ಮಾತ್ರ ಬಿಗಿಯುತ್ತಿದ್ದದ್ದು ಈಗ ಪಾತ್ರೆಯ ಸದ್ದಿಗೂ ಫೋನಿನ ರಿಂಗಿಗೂ, ಕೊನೆಗೆ ಅವುಗಳ ನೆನಪಿಗೂ ಬಿಗಿಯತೊಡಗುತ್ತದೆ. ಕಿವಿತಮಟೆ ಒಳಕ್ಕೆ ಸೆಳೆದಿರುವುದರಿಂದ ಕಿವಿ ಮುಚ್ಚಿಕೊಂಡಂತೆ ಅನಿಸುತ್ತದೆ, ಒಳಗೆ ಪಟಪಟ ಬಡಿದಂತೆ ಕೇಳಿಸಬಹುದು, ಮತ್ತು ನೋವು ಬರುತ್ತದೆ. ಟೆನ್ಸರ್ ಟಿಂಪನಿಗೆ ಆಜ್ಞೆ ಒಯ್ಯುವುದು ಟ್ರೈಜೆಮಿನಲ್ ನರದ ದವಡೆಯ ಶಾಖೆ. ಅಗಿಯುವ ಸ್ನಾಯುಗಳನ್ನು ನಡೆಸುವುದೂ, ಕೆನ್ನೆ, ದವಡೆ ಮತ್ತು ಕಿವಿಯ ಮುಂಭಾಗದ ಸ್ಪರ್ಶವನ್ನು ಮೆದುಳಿಗೆ ತಿಳಿಸುವುದೂ ಅದೇ ಶಾಖೆ. ಕಿವಿಗೆ ಬಡಿದ ಸದ್ದು ಕೆನ್ನೆಯಲ್ಲಿ ಉರಿಯನ್ನು ಏಕೆ ತಂದಿತು ಎಂಬುದು ಇದರಿಂದ ನಿಮಗೆ ಅರ್ಥವಾಗಬಹುದು. ಕಾಲಿನ ಮೀನಖಂಡ ಸೆಟೆದುಕೊಂಡಾಗ ಮೂಳೆ ಮುರಿದಿರುವುದಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ಆದರೂ ನೋವು ಸುಳ್ಳಾಗುವುದಿಲ್ಲ. ನಿಮ್ಮ ಆಡಿಯೋಗ್ರಾಂ ಸರಿ ಬಂದದ್ದನ್ನು ಹಾಗೆ ತಿಳಿಯಿರಿ.

ಆ ಪರೀಕ್ಷೆ ಅಳೆಯುವುದು ಒಂದೇ ಒಂದು ಸಂಗತಿಯನ್ನು. ಸಾಮಾನ್ಯವಾಗಿ 250ರಿಂದ 8,000 ಹರ್ಟ್ಸ್‌ವರೆಗಿನ ಶುದ್ಧ ಸ್ವರಗಳಲ್ಲಿ ನಿಮಗೆ ಕೇಳಿಸುವ ಅತಿ ಮೆಲ್ಲನೆಯ ಸದ್ದು ಯಾವುದು ಎಂಬುದನ್ನು ಅದು ತಿಳಿಸುತ್ತದೆ. ಸದ್ದು ಎಷ್ಟು ನೋಯಿಸುತ್ತದೆ, ಮೊರೆತ ಎಷ್ಟಿದೆ, ನಡುಗಿವಿಯ ಸ್ನಾಯು ಬಿಗಿದಿದೆಯೇ, ಗದ್ದಲದಲ್ಲಿ ಮಾತು ತಿಳಿಯುತ್ತದೆಯೇ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳಿಗೆ 100 ಡೆಸಿಬಲ್ ಶಬ್ದವನ್ನು ಎರಡು ಗಂಟೆ ಕೇಳಿಸಿದ ಮೇಲೆ ಅವುಗಳ ಶ್ರವಣ ಮಟ್ಟ ಕ್ರಮೇಣ ಸಹಜಕ್ಕೆ ಮರಳಿತು. ಆದರೆ ಕಾಕ್ಲಿಯಾದ ಕೆಲವು ಭಾಗಗಳಲ್ಲಿ ರೋಮಕೋಶ ಮತ್ತು ನರಗಳ ನಡುವಿನ ಕೊಂಡಿಗಳಲ್ಲಿ ಅರ್ಧದಷ್ಟು ಶಾಶ್ವತವಾಗಿ ಹೋಗಿದ್ದವು. ಎರಡು ಗಂಟೆಯ ಗದ್ದಲವೂ ಒಂದೆರಡು ಸೆಕೆಂಡಿನ ಕೀರಲೂ ಒಂದೇ ಅಲ್ಲ, ಹಾಗಾಗಿ ಇದನ್ನು ಓದಿ ಗಾಬರಿಯಾಗಬೇಡಿ. ಸಹಜವಾದ ಆಡಿಯೋಗ್ರಾಂ ಕಿವಿಯ ಎಲ್ಲ ಆರೋಗ್ಯಕ್ಕೂ ಪ್ರಮಾಣಪತ್ರವಲ್ಲ ಎಂಬುದಕ್ಕೆ ಮಾತ್ರ ಇಲ್ಲಿ ಹೇಳುತ್ತಿದ್ದೇನೆ.

ಕಚೇರಿಯವರು ಹೇಳುವ ಮಿತಿಯ ಮಾತನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನಿಮ್ಮಂಥವರ ದೂರು ತಳ್ಳಿಹೋಗುವುದು ಹೆಚ್ಚಾಗಿ ಅಲ್ಲಿಯೇ. ಕೆಲಸದ ಸ್ಥಳದ ಶಬ್ದಮಿತಿಗಳು ಇಡೀ ದಿನದ ಒಟ್ಟು ಶಬ್ದಶಕ್ತಿಯ ಲೆಕ್ಕದ ಮೇಲೆ ನಿಂತಿವೆ. ವ್ಯಾಪಕವಾಗಿ ಬಳಕೆಯಲ್ಲಿರುವ ಒಂದು ಸೂತ್ರದಂತೆ 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಶಕ್ತಿ ಇಮ್ಮಡಿಯಾಗುವುದರಿಂದ ಅವಧಿ ಅರ್ಧಕ್ಕಿಳಿಯುತ್ತದೆ, ಅಂದರೆ 88ರಲ್ಲಿ ನಾಲ್ಕು ಗಂಟೆ, 91ರಲ್ಲಿ ಎರಡು ಗಂಟೆ, 100ರಲ್ಲಿ ಕಾಲು ಗಂಟೆ. ಬ್ರಿಟನ್ನಿನಲ್ಲಿ ಹೆಡ್‌ಸೆಟ್‌ಗಳು 118 ಡೆಸಿಬಲ್ ಮೀರದಂತೆ ತಡೆಯುವ ಮಿತಿ ಬಹುಕಾಲದಿಂದ ಇದೆ. ಅದೇ ಸೂತ್ರವನ್ನು 118ಕ್ಕೆ ಹಚ್ಚಿದರೆ ಇಡೀ ದಿನದ ಪಾಲು ಮುಗಿಯಲು ಸುಮಾರು 14 ಸೆಕೆಂಡು ಬೇಕು. ನೀವು ಎರಡು ಸೆಕೆಂಡಿನಲ್ಲಿ ಹೆಡ್‌ಸೆಟ್ ಕಿತ್ತು ಹಾಕಿದ್ದೀರಿ. ಆದ್ದರಿಂದ ಕಾಗದದ ಮೇಲೆ ಯಾವ ಮಿತಿಯೂ ಮೀರಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಉತ್ತರಿಸುವ ಪ್ರಶ್ನೆಯೇ ಬೇರೆ. ವರ್ಷಗಟ್ಟಲೆ ಗದ್ದಲದಲ್ಲಿ ದುಡಿದು ನಿಧಾನವಾಗಿ ಕಿವುಡಾಗುವುದನ್ನು ತಡೆಯಲು ಆ ಮಿತಿಗಳು ಹುಟ್ಟಿದವು. ಕಿವಿಗೆ ಒತ್ತಿಕೊಂಡಿರುವ ಸಾಧನದಿಂದ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ, ಮೆಲ್ಲನೆಯ ಮಾತನ್ನು ಗಮನವಿಟ್ಟು ಕೇಳುತ್ತಿರುವ ಹೊತ್ತಿನಲ್ಲಿಯೇ ಒಮ್ಮೆಲೇ ಏರುವ ಚೂಪು ಸದ್ದು ದೇಹವನ್ನು ಹೇಗೆ ಬೆಚ್ಚಿಸುತ್ತದೆ ಎಂಬುದನ್ನು ಅವು ಅಳೆಯುವುದೇ ಇಲ್ಲ. ಸದ್ದಿನ ಮಟ್ಟದಷ್ಟೇ ಅದರ ಹಠಾತ್ತನವೂ ಇಲ್ಲಿ ಪೆಟ್ಟು ಕೊಡುತ್ತದೆ.

ಈ ವಾದ ನ್ಯಾಯಾಲಯದಲ್ಲಿಯೂ ನಿಂತಿದೆ. 2012ರಲ್ಲಿ ಲಂಡನ್ನಿನ ರಾಯಲ್ ಒಪೆರಾ ಹೌಸ್ ಎಂಬ ಸಂಗೀತ ರಂಗಮಂದಿರದಲ್ಲಿ ವಯೋಲಾ (ಪಿಟೀಲನ್ನು ಹೋಲುವ ವಾದ್ಯ) ನುಡಿಸುತ್ತಿದ್ದ ವಾದಕರೊಬ್ಬರು ತಾಲೀಮಿನ ವೇಳೆ ತಮ್ಮ ಹಿಂದೆಯೇ ಕುಳಿತಿದ್ದ ಹಿತ್ತಾಳೆ ವಾದ್ಯಗಳ ಭಾರೀ ಸದ್ದಿಗೆ ಒಳಗಾಗಿ, ಕಿವಿನೋವು ಮತ್ತು ಶಬ್ದ ಅಸಹನೆಯಿಂದ ವೃತ್ತಿಯನ್ನೇ ಬಿಡಬೇಕಾಯಿತು. 2018ರಲ್ಲಿ ಅಲ್ಲಿನ ಹೈಕೋರ್ಟ್ ಅವರಿಗಾದದ್ದು ಅಕೌಸ್ಟಿಕ್ ಶಾಕ್ ಎಂದು ಒಪ್ಪಿ ಸಂಸ್ಥೆಯನ್ನು ಹೊಣೆ ಮಾಡಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಪ್ರತಿ ದೇಶದ ಕಾನೂನು ಬೇರೆ. ಆದರೂ ಇದು ರೋಗವೇ ಅಲ್ಲ ಎಂದು ಯಾರಾದರೂ ಹೇಳಿದರೆ ಈ ಪ್ರಕರಣವನ್ನು ಅವರ ಮುಂದಿಡಬಹುದು.

ಇನ್ನು ಕಿವುಡಾಗುವ ಭಯ. ಘಟನೆಯ ನಂತರದ ಪರೀಕ್ಷೆಯಲ್ಲಿ ಶ್ರವಣಶಕ್ತಿ ಸಹಜವಾಗಿದ್ದರೆ, ಆ ಒಂದು ಘಟನೆಯ ಫಲವಾಗಿ ತಿಂಗಳುಗಳ ನಂತರ ಶ್ರವಣ ಕುಸಿಯುತ್ತಾ ಹೋಗುವ ಸಂಭವ ತೀರಾ ಕಡಿಮೆ. ಮೊರೆತ ಜೋರಾಗಿದೆ ಎಂದರೆ ಕಿವಿ ಹಾಳಾಗುತ್ತಿದೆ ಎಂದರ್ಥವಲ್ಲ; ಮೆದುಳು ಆ ಕಿವಿಯತ್ತ ಅತಿಯಾಗಿ ಗಮನ ಹರಿಸುತ್ತಿದೆ ಎಂದಷ್ಟೇ ಆಗಿರಬಹುದು. ಹಾಗೆಯೇ ದಿನನಿತ್ಯದ ಸದ್ದು ನಿಮಗೆ ನೋವು ಕೊಡಬಹುದಾದರೂ ಹಾನಿ ಮಾಡುತ್ತಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳುವುದು ಚಿಕಿತ್ಸೆಯ ಬಹು ದೊಡ್ಡ ಭಾಗ. ಪಾತ್ರೆಯ ಸದ್ದು ಕಿವಿಯನ್ನು ಕೆಡಿಸುತ್ತದೆ ಎಂದು ನಂಬಿದಷ್ಟು ಕಾಲ ನಿಮ್ಮ ದೇಹ ಪ್ರತಿ ಪಾತ್ರೆಗೂ ಮುಂಚಿತವಾಗಿಯೇ ಸೆಟೆದು ನಿಲ್ಲುತ್ತದೆ.

ಆದರೆ ಕೆಲವು ಲಕ್ಷಣಗಳಿದ್ದರೆ ನಾನು ಮೇಲೆ ಹೇಳಿದ ಯಾವ ಸಮಾಧಾನವೂ ಅನ್ವಯಿಸುವುದಿಲ್ಲ. ಯಾರಿಗೇ ಆಗಲಿ, ಸದ್ದಿನ ನಂತರ ಮೂರು ದಿನಗಳೊಳಗೆ ಕೇಳುವ ಶಕ್ತಿ ಸ್ಪಷ್ಟವಾಗಿ ಕುಸಿದರೆ ಅದು ತುರ್ತು ಸ್ಥಿತಿ. ದಿಢೀರ್ ಶ್ರವಣ ನಷ್ಟಕ್ಕೆ ಕೊಡುವ ಸ್ಟೀರಾಯ್ಡ್ ಔಷಧ ಮೊದಲ ಎರಡು ವಾರಗಳಲ್ಲಿ, ಅದರಲ್ಲೂ ಬೇಗ ಕೊಟ್ಟಷ್ಟೂ, ಫಲಕಾರಿಯಾಗುವ ಸಾಧ್ಯತೆ ಹೆಚ್ಚು. ಕಿವಿಯಿಂದ ರಕ್ತ ಅಥವಾ ನೀರು ಬರುವುದು, ಸುತ್ತಲಿನದೆಲ್ಲ ಗಿರಗಿರನೆ ತಿರುಗಿದಂತಾಗುವುದು, ತಿಣುಕಿದಾಗ ಅಥವಾ ಸೀನಿದಾಗ ತಲೆಸುತ್ತು ಬರುವುದು, ಮುಖದ ಒಂದು ಪಕ್ಕ ಸೊಟ್ಟಗಾಗುವುದು, ಮೊರೆತವು ನಾಡಿಯ ಬಡಿತಕ್ಕೆ ಸರಿಯಾಗಿ ಕೇಳಿಸುವುದು: ಇವುಗಳಲ್ಲಿ ಯಾವುದಿದ್ದರೂ ಕಿವಿ, ಮೂಗು, ಗಂಟಲು ತಜ್ಞರನ್ನು ತಡಮಾಡದೆ ಕಾಣಬೇಕು. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ. ಆದರೂ ತಜ್ಞರಿಂದ ಕಿವಿತಮಟೆಯನ್ನು ಒಮ್ಮೆ ನೋಡಿಸಿಕೊಂಡಿಲ್ಲವಾದರೆ ನೋಡಿಸಿಕೊಳ್ಳಿ.

ಪರೀಕ್ಷೆಗೆ ಹೋದಾಗ ಶ್ರವಣ ತಜ್ಞರಿಗೆ ನಡೆದದ್ದನ್ನು ಮೊದಲೇ ತಿಳಿಸಿ. ಎಷ್ಟು ಜೋರು ಸದ್ದಿನವರೆಗೆ ತಾಳಿಕೊಳ್ಳಬಲ್ಲಿರಿ ಎಂದು ನೋಡುವ ಪರೀಕ್ಷೆಯನ್ನೂ, ಜೋರು ಸ್ವರ ಕೊಟ್ಟು ಸ್ಟೇಪೀಡಿಯಸ್ ಸ್ನಾಯುವಿನ ಪ್ರತಿಕ್ರಿಯೆ ಅಳೆಯುವ ಪರೀಕ್ಷೆಯನ್ನೂ ನಿಮ್ಮಂಥ ಸ್ಥಿತಿಯಲ್ಲಿ ಮುಂದೂಡುವುದು ಒಳ್ಳೆಯದು. ಅವು ಲಕ್ಷಣಗಳನ್ನು ಕೆರಳಿಸಬಲ್ಲವು, ಮತ್ತು ಈ ಹಂತದಲ್ಲಿ ಅವುಗಳಿಂದ ಸಿಗುವ ಮಾಹಿತಿ ಅಷ್ಟು ಬೆಲೆಬಾಳುವುದಿಲ್ಲ. ಬೇರೆ ಕಾರಣಕ್ಕೆ ಎಂಆರ್‌ಐ ಮಾಡಿಸಬೇಕಾಗಿ ಬಂದರೂ ಆ ಯಂತ್ರದ ಸದ್ದು ಬಹಳ ಜೋರು ಎಂಬುದನ್ನು ನೆನಪಿಟ್ಟು, ಕಿವಿರಕ್ಷಣೆ ಕೇಳಿ ಪಡೆಯಿರಿ.

ಹತ್ತಿಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ದಿನವಿಡೀ ಇಟ್ಟುಕೊಳ್ಳುವುದನ್ನು ಬಿಡಬೇಕು. ನೋಯುವ ಕಿವಿಯನ್ನು ಮುಚ್ಚಿಕೊಳ್ಳುವುದು ಸಹಜ. ಆದರೆ ಒಳಬರುವ ಸದ್ದು ಕಡಿಮೆಯಾದಾಗ ಮೆದುಳು ತನ್ನ ಆಂತರಿಕ ವಾಲ್ಯೂಮನ್ನು ಏರಿಸಿಕೊಳ್ಳುತ್ತದೆ. ಹತ್ತಿ ತೆಗೆದ ಕ್ಷಣ ಲೋಕ ಮೊದಲಿಗಿಂತ ಕರ್ಕಶವಾಗುತ್ತದೆ, ಮೊರೆತವೂ ನಿಶ್ಶಬ್ದದಲ್ಲಿ ಎದ್ದು ಕೇಳುತ್ತದೆ. 2003ರ ಒಂದು ಅಧ್ಯಯನದಲ್ಲಿ ಶ್ರವಣ ಸಹಜವಾಗಿದ್ದ ಸ್ವಯಂಸೇವಕರಿಗೆ ಎರಡು ವಾರ ಇಯರ್‌ಪ್ಲಗ್ ತೊಡಿಸಿದಾಗ ಅವರ ಶಬ್ದ ಸೂಕ್ಷ್ಮತೆ ಹೆಚ್ಚಿತು. ಅಷ್ಟೇ ಕಾಲ ಮೆಲ್ಲನೆಯ ಹಿನ್ನೆಲೆ ಶಬ್ದವನ್ನು ಕೇಳಿಸಿದಾಗ ಅದು ತಗ್ಗಿತು. ನಿಜವಾಗಿಯೂ ಜೋರಾದ ಸದ್ದಿರುವೆಡೆ, ಅಂದರೆ ಡ್ರಿಲ್ಲಿಂಗ್ ನಡೆಯುವಲ್ಲಿ ಅಥವಾ ಧ್ವನಿವರ್ಧಕಗಳ ಬಳಿ, ಸರಿಯಾದ ಇಯರ್‌ಪ್ಲಗ್ ಬಳಸಿ. ಸಾದಾ ಹತ್ತಿ ಅಲ್ಲಿ ರಕ್ಷಣೆಯನ್ನೂ ಕೊಡುವುದಿಲ್ಲ. ಮನೆಯಲ್ಲಿ, ರಸ್ತೆಯಲ್ಲಿ, ಮಾತುಕತೆಯ ನಡುವೆ ಕಿವಿ ತೆರೆದಿರಲಿ. ಒಮ್ಮೆಲೇ ಬಿಡಲಾಗದಿದ್ದರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಅವಧಿ ಕಡಿಮೆ ಮಾಡುತ್ತಾ ಬನ್ನಿ.

ಚಿಕಿತ್ಸೆಯೂ ಇದೇ ದಾರಿಯಲ್ಲಿ ಸಾಗುತ್ತದೆ. ಮಳೆಯ ಧ್ವನಿಯಂಥ ಏರಿಳಿತವಿಲ್ಲದ ಸದ್ದನ್ನು, ನಿಮಗೆ ಕಿರಿಕಿರಿಯಾಗದಷ್ಟು ಮೆಲ್ಲಗೆ, ಹಗಲಿನ ಹೆಚ್ಚು ಹೊತ್ತು ಮತ್ತು ಮಲಗುವಾಗ ಕೋಣೆಯಲ್ಲಿ ಇಟ್ಟುಕೊಳ್ಳಿ. ಇದನ್ನು ಹೆಡ್‌ಫೋನಿನಲ್ಲಿ ಬೇಡ, ಕೋಣೆಯ ಸ್ಪೀಕರಿನಲ್ಲಿ ಕೇಳಿ. ವಾರಗಳು ಕಳೆದಂತೆ ಶ್ರವಣ ತಜ್ಞರ ಸಲಹೆಯಂತೆ ಮಟ್ಟವನ್ನು ತುಸು ತುಸುವೇ ಏರಿಸಬಹುದು. ದವಡೆ ಬಿಗಿದಿದ್ದರೆ, ರಾತ್ರಿ ಹಲ್ಲು ಕಡಿಯುತ್ತಿದ್ದರೆ, ಕತ್ತು ಹಿಡಿದಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ದಂತವೈದ್ಯರನ್ನು ಕಾಣುವುದರಿಂದ ಕಿವಿಯ ನೋವೂ ಎಷ್ಟೋ ಇಳಿಯುತ್ತದೆ. ಬಹಳ ಮಂದಿ ಈ ಭಾಗವನ್ನು ಕಡೆಗಣಿಸುತ್ತಾರೆ. ಈ ಮೊರೆತ ಮತ್ತು ಶಬ್ದ ಅಸಹನೆಯನ್ನು ಒಮ್ಮೆಗೇ ತೆಗೆದುಹಾಕುವ ಮಾತ್ರೆಯಾಗಲಿ ಹನಿಯಾಗಲಿ ಇಲ್ಲ. ಕಿವಿಗೆ ಎಣ್ಣೆ ಬಿಡುವುದೂ ಬೇಡ.

ನಿಮ್ಮ ಭಯ ಮತ್ತು ನಿದ್ದೆಗೇಡಿನ ಬಗ್ಗೆ ಬೇರೆಯಾಗಿ ಹೇಳಬೇಕಾದದ್ದಿದೆ. ಮನಸ್ಸಿನ ಭಯ ಎಂದು ಕಚೇರಿಯವರು ಹೇಳಿದ್ದು ನಿಮಗೆ ನೋವು ತಂದಿದೆ ಎಂಬುದು ಪತ್ರದಲ್ಲಿ ಕಾಣುತ್ತದೆ, ಮತ್ತು ಆ ಮಾತು ಅನ್ಯಾಯದ್ದು. ಆದರೆ ಆ ಅನ್ಯಾಯದ ಕಾರಣಕ್ಕಾಗಿ ಮನಸ್ಸಿನ ಚಿಕಿತ್ಸೆಯನ್ನು ದೂರ ಇಡಬೇಡಿ. ಬೆಚ್ಚುವಿಕೆ, ಆತಂಕ ಮತ್ತು ಟೆನ್ಸರ್ ಟಿಂಪನಿಯ ಬಿಗಿತ ಒಂದೇ ಸರಪಳಿಯ ಭಾಗಗಳು; ಆತಂಕ ಇಳಿದಾಗ ಸ್ನಾಯು ಸಡಿಲಗೊಳ್ಳುತ್ತದೆ, ಸ್ನಾಯು ಸಡಿಲಗೊಂಡಾಗ ನೋವು ತಗ್ಗುತ್ತದೆ. ಮೊರೆತದ ಯಾತನೆಯನ್ನು ಕಡಿಮೆ ಮಾಡುವಲ್ಲಿ ಕಾಗ್ನಿಟಿವ್ ಬಿಹೇವಿಯರ್ ಥೆರಪಿಗೆ, ಅಂದರೆ ಯೋಚನೆ ಮತ್ತು ವರ್ತನೆಯ ರೂಢಿಗಳನ್ನು ಬದಲಿಸುವ ಮಾತಿನ ಚಿಕಿತ್ಸೆಗೆ, ಒಳ್ಳೆಯ ಆಧಾರವಿದೆ. ಘಟನೆ ನಡೆದು ತಿಂಗಳು ಮೀರಿದೆ; ಆ ಕ್ಷಣ ಈಗಲೂ ಕಣ್ಣಮುಂದೆ ಮರುಕಳಿಸುತ್ತಿದ್ದರೆ, ಕನಸಿನಲ್ಲಿ ಬರುತ್ತಿದ್ದರೆ, ಕಚೇರಿಯ ದಾರಿ ಹಿಡಿದರೇ ಎದೆ ಬಡಿದುಕೊಳ್ಳುತ್ತಿದ್ದರೆ ಆಘಾತೋತ್ತರ ಒತ್ತಡದ ಬಗ್ಗೆ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರ ಬಳಿ ವಿಚಾರಿಸಬೇಕು. ಬದುಕೇ ಬೇಡ ಎನ್ನುವ ಯೋಚನೆ ಎಂದಾದರೂ ಸುಳಿದರೆ ಅದೇ ದಿನ ಮನೆಯವರಿಗೆ ಹೇಳಿ, ವೈದ್ಯರ ಬಳಿಗೆ ಹೋಗಿ. ಮೊರೆತದಿಂದ ನಿದ್ದೆಗೆಟ್ಟವರಲ್ಲಿ ಅಂಥ ಯೋಚನೆ ಬರುವುದನ್ನು ವೈದ್ಯರು ಬಲ್ಲರು, ಅದಕ್ಕೆ ಸಂಕೋಚಪಡಬೇಕಾದದ್ದು ಏನೂ ಇಲ್ಲ.

ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡುವುದು ಈಗಲೂ ತಡವಾಗಿಲ್ಲ. ದಿನಾಂಕ, ಸಮಯ, ಯಾವ ಮೇಜು, ಯಾವ ಹೆಡ್‌ಸೆಟ್, ಯಾವ ಕಿವಿ, ವಾಲ್ಯೂಮ್ ಎಷ್ಟಿತ್ತು, ಸದ್ದು ಹೇಗಿತ್ತು, ಮೊದಲ ಗಂಟೆಯಲ್ಲಿ ಏನೇನಾಯಿತು ಎಂದೆಲ್ಲ ಬರೆದು, ಆ ಕರೆಯ ಧ್ವನಿಮುದ್ರಣವನ್ನು ಅಳಿಸದಂತೆ ಮತ್ತು ಆ ಹೆಡ್‌ಸೆಟ್ಟನ್ನು ಬೇರೆಯವರಿಗೆ ಕೊಡದಂತೆ ಕೇಳಿ. ಧ್ವನಿಮುದ್ರಣ ಕೇಳಿ ಸದ್ದು ಅಷ್ಟೇನೂ ಜೋರಿಲ್ಲ ಎಂದು ಅವರು ಹೇಳಬಹುದು. ಮುದ್ರಣ ವ್ಯವಸ್ಥೆಗಳು ಧ್ವನಿಯ ಏರಿಳಿತವನ್ನು ಕುಗ್ಗಿಸಿ ಸಂಗ್ರಹಿಸುವುದುಂಟು. ನಿಮ್ಮ ಕಿವಿತಮಟೆಯ ಮೇಲೆ ಬಿದ್ದ ಒತ್ತಡ ಎಷ್ಟೆಂಬುದು ಅದರಿಂದ ತಿಳಿಯುವುದಿಲ್ಲ.

ಇಂಥ ಸದ್ದು ಬರುವುದು ಹಲವು ಕಡೆಗಳಿಂದ: ಲೈನಿನ ದೋಷ, ಫ್ಯಾಕ್ಸ್ ಸ್ವರ, ಎರಡು ಫೋನುಗಳು ಹತ್ತಿರ ಬಂದಾಗ ಏಳುವ ಕೂಗು, ಆ ಬದಿಯವರು ರಿಸೀವರ್ ಕೆಡವುವುದು, ಸಿಟ್ಟಿನಲ್ಲಿ ಬಾಯಿಗೆ ಸೀಟಿ ಇಟ್ಟು ಊದುವುದು. ಎಲ್ಲವನ್ನೂ ತಡೆಯಲಾಗದು, ಆದರೆ ದಿಢೀರ್ ಏರುವ ಸ್ವರವನ್ನು ಗುರುತಿಸಿ ಕೂಡಲೇ ತಗ್ಗಿಸುವ ಸಾಧನಗಳಿವೆ. 118 ಡೆಸಿಬಲ್ ಮಿತಿಯ ಮೇಲಷ್ಟೇ ನಿಲ್ಲದೆ ಅವನ್ನು ಅಳವಡಿಸಲು ಕೇಳುವುದು ನ್ಯಾಯವಾದ ಬೇಡಿಕೆ. ಅದರಷ್ಟೇ ಮುಖ್ಯವಾದದ್ದು ಕೋಣೆಯ ಗದ್ದಲ. ಸುತ್ತ ಮಾತು ಹೆಚ್ಚಿದ್ದಷ್ಟೂ ಎಲ್ಲರೂ ವಾಲ್ಯೂಮ್ ಏರಿಸುತ್ತಾರೆ, ಏರಿಸಿದ ವಾಲ್ಯೂಮಿನಲ್ಲಿ ಬಂದ ಕೀರಲು ಅಷ್ಟೇ ಏರಿದ ಮಟ್ಟದಲ್ಲಿ ಬಡಿಯುತ್ತದೆ. ಮೇಜುಗಳ ನಡುವೆ ಅಂತರ, ಶಬ್ದ ಹೀರುವ ಗೋಡೆ, ಪ್ರತಿ ಪಾಳಿಯ ಆರಂಭದಲ್ಲಿ ವಾಲ್ಯೂಮನ್ನು ಕೆಳಗಿಳಿಸುವ ರೂಢಿ ಇವುಗಳಿಗೆ ತಗಲುವ ವೆಚ್ಚ ದೊಡ್ಡದಲ್ಲ.

ಮತ್ತೆ ಹೆಡ್‌ಸೆಟ್ ಹಾಕಬಹುದೇ ಎಂದರೆ, ಬಹುಪಾಲು ಮಂದಿ ಹಾಕುತ್ತಾರೆ, ಆದರೆ ಈಗಲೇ ಬೇಡ. ನೋವು ಇನ್ನೂ ಇರುವಾಗ ಎರಡನೆಯ ಘಟನೆ ನಡೆದರೆ ಮೊದಲಿನದಕ್ಕಿಂತ ಕಡಿಮೆ ಸದ್ದಿಗೂ ಹೆಚ್ಚು ತೀವ್ರವಾದ ಲಕ್ಷಣಗಳು ಏಳಬಹುದು. ಎಡಗಿವಿಗೆ ಬದಲಾಯಿಸಿಕೊಂಡು ಮುಂದುವರಿಯುವುದೂ ಪರಿಹಾರವಲ್ಲ, ಬೆಚ್ಚುವ ವ್ಯವಸ್ಥೆ ಎರಡೂ ಕಿವಿಗಳಿಗೆ ಒಂದೇ ಆದ್ದರಿಂದ ಆ ಬದಿಯಲ್ಲೂ ನೋವು ಕಾಣಿಸಿಕೊಳ್ಳಬಹುದು. ಸದ್ಯಕ್ಕೆ ಮಿಂಚಂಚೆ ಅಥವಾ ಚಾಟ್‌ನಂಥ ಕರೆಯಿಲ್ಲದ ಕೆಲಸ ಕೊಡುವಂತೆ ವೈದ್ಯರ ಪತ್ರದೊಂದಿಗೆ ಕೇಳಿ. ದಿನನಿತ್ಯದ ಸದ್ದು ನೋಯಿಸುವುದು ನಿಂತ ಮೇಲೆ ಸ್ಪೀಕರ್ ಇರುವ ಫೋನಿನಲ್ಲಿ ದಿನಕ್ಕೆ ಅರ್ಧ ಗಂಟೆಯಿಂದ ಆರಂಭಿಸಿ. ಮಾರನೆಯ ದಿನ ಲಕ್ಷಣ ಏರದಿದ್ದರೆ ಮಾತ್ರ ಅವಧಿ ಹೆಚ್ಚಿಸಿ. ಹೆಡ್‌ಸೆಟ್ ಕೊನೆಗೆ ಬರಲಿ, ಅದೂ ದಿಢೀರ್ ಸದ್ದು ತಡೆಯುವ ಸಾಧನದೊಂದಿಗೆ. ನಡುವೆ ಒಂದೆರಡು ದಿನ ಮೊರೆತ ಮತ್ತೆ ಜೋರಾಗುವುದು ಸಾಮಾನ್ಯ, ಅಂಥ ದಿನ ಒಂದು ಮೆಟ್ಟಿಲು ಹಿಂದೆ ಬಂದು ಅಲ್ಲಿಯೇ ನಿಲ್ಲಿ. ಮೂರು ತಿಂಗಳಾದರೂ ಏನೂ ಸುಧಾರಿಸದಿದ್ದರೆ ಮೊರೆತ ಮತ್ತು ಶಬ್ದ ಅಸಹನೆಯಲ್ಲಿ ಪರಿಣತಿ ಇರುವ ಶ್ರವಣ ತಜ್ಞರನ್ನು ಹುಡುಕಿ ಕಾಣಿರಿ, ಮತ್ತು ಹೋಗುವಾಗ ಈವರೆಗಿನ ಎಲ್ಲ ವರದಿಗಳ ಜೊತೆಗೆ ಕಚೇರಿಗೆ ಕೊಟ್ಟ ದೂರಿನ ಪ್ರತಿಯನ್ನೂ ಒಯ್ಯಿರಿ.